ಮದ್ದಿನ ಡಬ್ಬದ ನಾಲ್ಕನೆಯ ಸಾಲು

ಅಲ್ಲಾಳಸಂದ್ರದ ಕೆರೆಯ ಹಿಂಬದಿಯಲ್ಲಿದ್ದ ದ್ರಾಕ್ಷಿ ತೋಟದ ಮನೆಗೆ ನಾನು ಹಿರಿಯ ಸೊಸೆಯಾಗಿ ಬಂದಾಗ ನನ್ನ ಟ್ರಂಕಿನಲ್ಲಿ ಸೀರೆಗಳ ಮೇಲೆ ಒಂದು ಬಿಸ್ಕತ್ತಿನ ತಗಡಿನ ಡಬ್ಬ ಇತ್ತು. ಅತ್ತೆ ಅದನ್ನು ಎರಡು ಕೈಯಲ್ಲಿ ಎತ್ತಿ ಅಲುಗಿಸಿ ನೋಡಿದರು, ಆಮೇಲೆ ಮುಚ್ಚಳ ತೆಗೆದರು. ಒಳಗೆ ಹತ್ತಿ, ಟಿಂಚರಿನ ಸೀಸೆ, ಬೋರಿಕ್ ಪುಡಿ, ಪರ್ಮಾಂಗನೇಟಿನ ಹರಳು, ಒಂದು ಚಿಮಟ, ಒಂದು ಕತ್ತರಿ, ಹಳೆಯ ಪಂಚೆ ಹರಿದು ಬಿಗಿಯಾಗಿ ಸುತ್ತಿದ ಪಟ್ಟಿಗಳು.

"ಒಡವೆ ಡಬ್ಬ ಅಂದ್ಕೊಂಡೆ ಕಣಮ್ಮಿ! ನೋಡುದ್ರೆ ಹತ್ತಿ!" ಎಂದರು. ನೆಂಟರೆಲ್ಲ ನಕ್ಕರು. ನಾನು ನಗಲಿಲ್ಲ. ಆ ಡಬ್ಬ ನನಗೆ ಒಡವೆಗಿಂತ ಹೆಚ್ಚಿನದಾಗಿತ್ತು.

ಅಪ್ಪ ಯಲಹಂಕದ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದರು. ನಮ್ಮ ಮನೆಯಲ್ಲಿ ಐದೂವರೆಗೆ ಏಳಬೇಕು, ಆರಕ್ಕೆ ಸ್ನಾನ ಮುಗಿದಿರಬೇಕು. ಸೀಸೆಗಳ ಚೀಟಿ ಮುಂದಕ್ಕೆ ಕಾಣುವಂತೆಯೇ ನಿಲ್ಲಬೇಕು. ಕತ್ತರಿಯನ್ನು ತೆಗೆದ ಜಾಗದಲ್ಲಿ ಇಡದವರಿಗೆ ಅಂದು ಕಾಫಿ ಇಲ್ಲ. ನನ್ನ ಮದುವೆಗೆ ಒಂದು ವಾರ ಇರುವಾಗ ಅವರು ಡಬ್ಬದ ಮುಚ್ಚಳದ ಒಳಗೆ ಒಂದು ಕಾಗದ ಅಂಟಿಸಿ ತಮ್ಮ ದುಂಡನೆಯ ಅಕ್ಷರದಲ್ಲಿ ಏಳು ಸಾಲು ಬರೆದುಕೊಟ್ಟರು. ತೋಟದ ಮನೆಯಲ್ಲಿ ನಾಯಿ, ಕರು, ಮೇಕೆ ಇದ್ದೇ ಇರುತ್ತವೆ, ಡಾಕ್ಟರು ಬರುವ ತನಕ ಏನು ಮಾಡಬೇಕೆಂದು ಮನೆಯವರಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು ಎಂಬುದು ಅವರ ಮಾತು. ಆ ಒಬ್ಬರು ನಾನಾಗಬೇಕೆಂದು ನಾನು ನಿಶ್ಚಯಿಸಿಬಿಟ್ಟಿದ್ದೆ.

ಮನೆಯಲ್ಲಿ ಒಂದು ನಾಯಿ ಇತ್ತು. ಕೆಂಚು ಬಣ್ಣದ ಊರುನಾಯಿ, ಮುಂದಿನ ಒಂದು ಕಾಲಿಗೆ ಮಾತ್ರ ಬಿಳಿ ಕಾಲುಚೀಲ ತೊಡಿಸಿದ ಹಾಗೆ. ಅದಕ್ಕೆ ಯಾರೂ ಹೆಸರು ಇಟ್ಟಿರಲಿಲ್ಲ. "ಬಾ ಮಗಾ" ಎಂದರೆ ಬರುತ್ತಿತ್ತು. ಹಣ್ಣಿಗೆ ಬಣ್ಣ ಬರುವ ತಿಂಗಳಲ್ಲಿ ಕೆರೆಯ ಕಡೆಯಿಂದ ನರಿಗಳು ನುಗ್ಗುತ್ತಿದ್ದವು. ಈ ನಾಯಿ ಒಂದು ಚಪ್ಪರಕ್ಕೂ ಅವುಗಳನ್ನು ಸೇರಿಸುತ್ತಿರಲಿಲ್ಲ. ಮೊದಲ ವರ್ಷ ಅದರ ಊಟ, ನೀರು, ಗಾಯ ಎಲ್ಲ ನನ್ನ ಕೈಯಲ್ಲೇ. ಬೆಳಿಗ್ಗೆ ಎಂಟಕ್ಕೆ ಒಂದು ಮುದ್ದೆ, ಸಂಜೆ ಆರಕ್ಕೆ ಒಂದು ಮುದ್ದೆ. ಗುರುವಾರ ಕಿವಿ ಒರೆಸುವುದು. ಭಾನುವಾರ ಮೈಗೆ ಕಚ್ಚಿಕೊಂಡ ಉಣ್ಣೆಹುಳ ತೆಗೆಯುವುದು. ಚಿಮಟದಿಂದ ಚರ್ಮಕ್ಕೆ ತಾಗುವಷ್ಟು ಬುಡದಲ್ಲಿ ಹಿಡಿದು, ತಿರುಚದೆ ನೇರಕ್ಕೆ ಎಳೆದು, ಸೀಮೆಎಣ್ಣೆ ಹಾಕಿದ ಮುಚ್ಚಳದೊಳಗೆ ಬಿಡಬೇಕು. ಬೆರಳಿನಿಂದ ಹಿಸುಕಿದರೆ ಅದರ ತಲೆ ಚರ್ಮದೊಳಗೇ ಉಳಿದು ಕೀವು ಕಟ್ಟುತ್ತದೆ. ನಾಯಿ ನಿಲ್ಲುತ್ತಿತ್ತು, ಆದರೆ ಪರೀಕ್ಷೆಗೆ ನಿಂತವರ ಹಾಗೆ ಬಾಲ ಇಳಿಬಿಟ್ಟುಕೊಂಡು ನಿಲ್ಲುತ್ತಿತ್ತು. ನನಗೆ ಅಷ್ಟೇ ಸಾಕಾಗಿತ್ತು, ಅದಕ್ಕಿಂತ ಹೆಚ್ಚೂ ಇರಬಹುದೆಂದು ಗೊತ್ತಾಗುವ ತನಕ.

ಗೊತ್ತಾದದ್ದು ಮರುವರ್ಷ, ಮೈದುನನ ಮದುವೆಯಾಗಿ ನನ್ನ ಓರಗಿತ್ತಿ ಬಂದ ಮೇಲೆ. ಬಾಗಲಗುಂಟೆಯ ಕಡೆಯ ಹುಡುಗಿ. ದನ ಮೇಯಿಸಿ ಬೆಳೆದವಳು, ಓದು ಬರಹ ಇಲ್ಲ. ಬಂದ ಮೂರನೆಯ ದಿನ ಹಿತ್ತಲ ಬಾಗಿಲಲ್ಲಿ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾಯಿ ತನ್ನಷ್ಟಕ್ಕೆ ಹೋಗಿ ಅವಳ ಮೊಣಕಾಲಿನ ಮೇಲೆ ಗದ್ದ ಇಟ್ಟುಕೊಂಡು ಮಲಗಿತು. ನನ್ನ ಕೈಯಲ್ಲಿ ಒಂದು ವರ್ಷ ಮುದ್ದೆ ತಿಂದ ನಾಯಿ!

"ಯಾಕೋ ಮಗಾ, ಕಾಯಿ ಸುಲ್ದುಕೊಡ್ತೀಯಾ?" ಎಂದು ಅವಳು ಅದರ ಕಿವಿ ಹಿಂಡಿದಳು. ಬಾಲ ನೆಲಕ್ಕೆ ಪಟಪಟ ಬಡಿಯಿತು. ನನಗೆ ಆ ಬಾಲ ಒಂದು ದಿನವೂ ಹಾಗೆ ಬಡಿದಿರಲಿಲ್ಲ.

ಅವಳು ಉಣ್ಣೆಯನ್ನು ಉಗುರಿನಿಂದಲೇ ಕೀಳುತ್ತಿದ್ದಳು, ಅದೂ ಅತ್ತೆಯ ಜೊತೆ ಹರಟುತ್ತಾ. ತಪ್ಪು ಎಂದು ಹೇಳಿದೆ. "ಹೌದಾ ಅಕ್ಕ?" ಎಂದು ಕೈ ಹಿಂದಕ್ಕೆ ತೆಗೆದುಕೊಂಡಳು. ನಾನು ಚಿಮಟ ತಂದೆ. ನಾಯಿ ಎದ್ದು ಹೋಯಿತು. ಊಟದ ಹೊತ್ತೂ ಕೆಟ್ಟಿತು. ಮಡಕೆಯ ತಳಕ್ಕೆ ಹತ್ತಿದ ರಾಗಿಯ ಸೀಕನ್ನು ಅವಳು ಯಾವಾಗೆಂದರೆ ಆಗ ಕೆರೆದು ಹಾಕುತ್ತಿದ್ದಳು. ಆರು ಗಂಟೆಗೆ ನಾನು ಮುದ್ದೆ ಹಿಡಿದು ನಿಂತರೆ ನಾಯಿ ಮೂಸಿ, ನನ್ನ ಮುಖ ನೋಡಿ, ಹಿತ್ತಲ ಕಡೆ ತಿರುಗುತ್ತಿತ್ತು.

ಮಳೆಗಾಲ ಕಳೆದ ಮೇಲೆ ಒಂದು ದಿನ ಅದು ಮುಳ್ಳುತಂತಿಗೆ ಸಿಕ್ಕಿ ತೊಡೆ ಹರಿದುಕೊಂಡು ಬಂತು. ಇದು ನನ್ನ ಹೊತ್ತು ಎಂದುಕೊಂಡೆ. ಡಬ್ಬ ತಂದು ಒಲೆಯ ಮೇಲೆ ನೀರಿಟ್ಟೆ, ಕೈ ತೊಳೆದೆ. ಮುಟ್ಟಲು ಹೋದರೆ ಹಲ್ಲು ತೋರಿಸಿತು. ಓರಗಿತ್ತಿ ಅದರ ತಲೆಯನ್ನು ಕಂಕುಳಿಗೆ ಸೇರಿಸಿಕೊಂಡು ಕೂತಳು.

"ಈಗ ಮಾಡಕ್ಕ. ನಾನ್ ಹಿಡ್ಕಂಡಿರ್ತೀನಿ, ಏನೂ ಮಾಡಲ್ಲ ಅದು."

ಮಾಡಿದೆ. ಬಟ್ಟೆಯನ್ನು ಒತ್ತಿ ಹಿಡಿದು ರಕ್ತ ನಿಲ್ಲಿಸಿದೆ, ಕಾಯಿಸಿ ಆರಿಸಿದ ಉಪ್ಪುನೀರಿನಲ್ಲಿ ತೊಳೆದೆ, ಸುತ್ತಲ ಕೂದಲು ಕತ್ತರಿಸಿದೆ, ಬೋರಿಕ್ ಪುಡಿ ಉದುರಿಸಿ ಪಟ್ಟಿ ಕಟ್ಟಿದೆ, ಬೆರಳು ತೂರುವಷ್ಟು ಸಡಿಲ ಬಿಟ್ಟು. ಒಂದು ತಪ್ಪಿಲ್ಲ. ಮುಗಿದ ಮೇಲೆ ನಾಯಿ ಅವಳ ಗಲ್ಲ ನೆಕ್ಕಿತು. ಅತ್ತೆ ಜಗಲಿಯಿಂದ, "ಚಿಕ್ಕೋಳು ಇಲ್ದಿದ್ರೆ ಆಯ್ತಿರಲಿಲ್ಲ" ಎಂದರು.

ಅಂದಿನಿಂದ ಅವಳ ಕೈಯ ಹಂಗು ನನಗೆ ಬೇಡವಾಯಿತು. ಅಪ್ಪ ಕಲಿಸಿದ ಬಾಯಿಪಟ್ಟಿ ಇತ್ತಲ್ಲ. ಎರಡು ಮೊಳದ ಪಟ್ಟಿಯನ್ನು ಮೂತಿಗೆ ಕುಣಿಕೆ ಹಾಕಿ, ಗದ್ದದ ಕೆಳಗೆ ದಾಟಿಸಿ, ಕಿವಿಯ ಹಿಂದೆ ಗಂಟು ಬಿಗಿದರೆ ಎಂಥ ನಾಯಿಯೂ ಕಚ್ಚಲಾರದು, ಹಿಡಿಯಲು ಇನ್ನೊಬ್ಬರು ಬೇಡ. ಡಬ್ಬದಲ್ಲಿ ಎಲ್ಲಕ್ಕಿಂತ ಮೇಲೆ ಅದನ್ನೇ ಇಟ್ಟೆ. ಗಾಯ ಆರುವ ತನಕ ದಿನಾ ಅವಳನ್ನು ಆಚೆಗೆ ಕಳಿಸಿ, ಬಾಯಿ ಕಟ್ಟಿ, ಪಟ್ಟಿ ಬದಲಿಸಿದೆ.

"ಅಲ್ಲಮ್ಮಿ, ನೀನು ನಾಯಿಗೆ ಮದ್ದು ಹಾಕ್ತಿದ್ದೀಯೋ, ಪೊಲೀಸ್ ಕೆಲಸ ಮಾಡ್ತಿದ್ದೀಯೋ?" ಎಂದು ಅತ್ತೆ ಕೇಳಿದರು. ಗಾಯ ಹತ್ತು ದಿನದಲ್ಲಿ ಮಾಯಿತು. ಬಿಚ್ಚಿದ ಕೂಡಲೇ ನಾಯಿ ಹಿತ್ತಲಿಗೆ ಓಡುತ್ತಿತ್ತು. ಅದು ಓಡುವುದನ್ನು ನಾನು ಪ್ರತಿದಿನ ನಿಂತು ನೋಡುತ್ತಿದ್ದೆ. ಆ ಹೊತ್ತಿನಲ್ಲಿ ಹೊಟ್ಟೆಯಲ್ಲಿ ಉರಿಯುತ್ತಿದ್ದುದನ್ನು ಇಷ್ಟು ವರ್ಷದ ಮೇಲೆ ಮುಚ್ಚಿಟ್ಟು ಏನು ಪ್ರಯೋಜನ? ನನಗೆ ಆ ಹೆಣ್ಣಿನ ಮೇಲೆ ಹೊಟ್ಟೆಕಿಚ್ಚು. ಸೀರೆಗಲ್ಲ, ಒಡವೆಗಲ್ಲ, ಒಂದು ಊರುನಾಯಿಯ ಬಾಲಕ್ಕೆ.

ನೀರಿನ ಬೋಗುಣಿಯ ಜಾಗ ಬದಲಿಸಿದ್ದು ಆ ಉರಿಯಲ್ಲೇ. ನಾಯಿ ನೀರು ಕುಡಿಯುವ ಅಗಲ ಬಾಯಿಯ ಮಣ್ಣಿನ ಬೋಗುಣಿ ಹಿತ್ತಲ ಬಾಗಿಲಲ್ಲಿ, ಅಂದರೆ ಅವಳು ಕೂರುವ ಕಡೆ ಇತ್ತು. ಅದನ್ನು ಎತ್ತಿ ತೋಟದ ಪಂಪಿನ ಕೋಣೆಯ ಪಕ್ಕ ಇಟ್ಟೆ. "ಬಾಗಿಲಲ್ಲಿ ನೀರು ಚೆಲ್ಲಿ ಕೆಸರಾಗುತ್ತೆ. ಇನ್ಮೇಲೆ ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಮೂರಕ್ಕೆ ನಾನೇ ತುಂಬಿಸ್ತೀನಿ" ಎಂದೆ. ಬಾಯಾರಿದಾಗಲಾದರೂ ನನ್ನ ಕಡೆ ಬರಲಿ ಎಂಬುದು ಒಳಗಿನ ಲೆಕ್ಕ. ಓರಗಿತ್ತಿ ಬೋಗುಣಿ ಇದ್ದ ಜಾಗದ ಒದ್ದೆ ಗುರುತನ್ನು ನೋಡಿದಳು. ನನ್ನ ಮುಖವನ್ನೂ ನೋಡಿದಳು. "ಆಗ್ಲಿ ಅಕ್ಕ" ಎಂದಳು.

ದ್ರಾಕ್ಷಿ ಬೆಳೆಯುವವರಿಗೆ ಮೈಲುತುತ್ತ ಗೊತ್ತು. ಎಲೆಗೆ ಬೂಷ್ಟು ಬಾರದಿರಲೆಂದು ಆ ನೀಲಿ ಹರಳನ್ನು ನೀರಿನಲ್ಲಿ ಕರಗಿಸಿ, ಸುಣ್ಣದ ನೀರಿನ ಜೊತೆ ಬೆರೆಸಿ ಬಳ್ಳಿಗೆ ಹೊಡೆಯುತ್ತಾರೆ. ತುತ್ತ ಕಬ್ಬಿಣವನ್ನು ತಿನ್ನುತ್ತದೆ, ಆದ್ದರಿಂದ ಕರಗಿಸುವುದು ಮಣ್ಣಿನ ಪಾತ್ರೆಯಲ್ಲೇ. ನಮ್ಮ ತೋಟದಲ್ಲಿ ಕರಗಿಸುತ್ತಿದ್ದ ಬೋಗುಣಿಯೂ, ನಾಯಿಯ ಬೋಗುಣಿಯೂ ಒಂದೇ ದಿನ ಒಂದೇ ಕುಂಬಾರರ ಗಾಡಿಯಿಂದ ನಾನೇ ಕೊಂಡಂಥವು. ಕರಗಿಸುವ ಜಾಗ ಪಂಪಿನ ಕೋಣೆಯ ಪಕ್ಕ.

ಇದು ನನಗೆ ಹೊಳೆಯಲಿಲ್ಲ. ಎಲ್ಲಕ್ಕೂ ಚೀಟಿ ಅಂಟಿಸುವ ನನಗೆ!

ಅದು ಒಂದು ಶನಿವಾರ. ಪ್ರತಿ ಶನಿವಾರ ನಾಲ್ಕು ಗಂಟೆಗೆ ಸರಿಯಾಗಿ ಅಪ್ಪ ಯಲಹಂಕದಿಂದ ಸೈಕಲ್ಲಿನಲ್ಲಿ ನನ್ನನ್ನು ನೋಡಲು ಬರುತ್ತಿದ್ದರು. ಬೆಳಿಗ್ಗೆ ಮದ್ದು ಹೊಡೆಯುವುದು ಮುಗಿದು ಗಂಡಸರು ಊಟಕ್ಕೆ ಹೋಗಿದ್ದರು. ತುತ್ತದ ನೀರು ಬೋಗುಣಿಯ ತಳದಲ್ಲಿ ಮೂರು ಬೆರಳಿನಷ್ಟು ಉಳಿದಿತ್ತು. ಒಳ್ಳೆಯ ಬಿಸಿಲು. ನಾಯಿಯ ಬೋಗುಣಿಯನ್ನು ಕೋಳಿಗಳು ಕೆದರಿ ಮಗುಚಿದ್ದವು. ಅವಳ ಬಾಗಿಲಲ್ಲಿ ಇದ್ದಿದ್ದರೆ ಅವಳು ಕಂಡ ಕೂಡಲೇ ತುಂಬಿಸುತ್ತಿದ್ದಳು. ನಾನು ಮೂರು ಗಂಟೆಗೆ ತುಂಬಿಸುವವಳು. ಆಗ ಒಂದೂವರೆ.

ನಾನು ಜಗಲಿಯಲ್ಲಿ ಪಟ್ಟಿ ಸುತ್ತುತ್ತಿದ್ದೆ. ನಾಯಿ ತೋಟದಿಂದ ತೂರಾಡುತ್ತಾ ಬಂದು ಅಂಗಳದ ಮಧ್ಯೆ ನಿಂತಿತು. ಜೊಲ್ಲು ಸುರಿಯುತ್ತಿತ್ತು. ಮೂತಿಯ ಸುತ್ತ ನೀಲಿ. ನೋಡಿದ ಕೂಡಲೇ ಗೊತ್ತಾಯಿತು, ಏನು ಕುಡಿದಿದೆ, ಯಾಕೆ ಕುಡಿದಿದೆ ಎರಡೂ. ಡಬ್ಬ ತೆಗೆದುಕೊಂಡು ಓಡಿದೆ. ಹೊಟ್ಟೆ ಮುಟ್ಟಿದರೆ ನೋವಿಗೆ ಗುರ್ರೆಂದು ನನ್ನ ಮುಂಗೈಗೆ ಬಾಯಿ ಹಾಕಿತು. ಓರಗಿತ್ತಿ ತೋಟದಿಂದ ಓಡಿ ಬಂದಳು, ಬಳ್ಳಿ ಸವರುವ ಕತ್ತರಿ ಇನ್ನೂ ಸೊಂಟದಲ್ಲೇ ಇತ್ತು.

"ಏನಾಯ್ತಕ್ಕ? ತಲೆ ನಾನ್ ಹಿಡ್ಕತೀನಿ, ಬಿಡು."

"ನೀನು ದೂರ ನಿಲ್ಲು. ನಂಗೊತ್ತು" ಎಂದೆ.

ಮೇಲೆಯೇ ಇದ್ದ ಬಾಯಿಪಟ್ಟಿಯನ್ನು ಎಳೆದು, ಕುಣಿಕೆ ಹಾಕಿ, ಕಿವಿಯ ಹಿಂದೆ ಗಂಟು ಬಿಗಿದೆ. ಕೈಗೆ ಅಷ್ಟು ಅಭ್ಯಾಸವಾಗಿತ್ತು. ಇನ್ನು ವಿಷ ಮುರಿಯಲು ಮೊಟ್ಟೆ ತರಬೇಕು ಎಂದುಕೊಂಡು ಏಳುವಷ್ಟರಲ್ಲಿ ನಾಯಿಯ ಹೊಟ್ಟೆ ಒಳಕ್ಕೆ ಸೆಳೆದುಕೊಂಡಿತು. ಬೆನ್ನು ಬಾಗಿತು. ವಾಂತಿ ಗಂಟಲಿಗೆ ಬಂತು, ಹೊರಗೆ ಹೋಗಲು ದಾರಿ ಇರಲಿಲ್ಲ. ಕೆನ್ನೆ ಉಬ್ಬಿತು. ಮೂಗಿನ ಹೊಳ್ಳೆಯಿಂದ ನೀಲಿಹಸಿರು ನೊರೆ ಬಂತು. ಕಾಲುಗಳು ನೆಲ ಕೆದರಿದವು.

"ಬಿಚ್ಚಕ್ಕಾ! ಉಸ್ರು ಕಟ್ತಾ ಐತೆ ಅದ್ಕೆ!"

"ಬಿಚ್ಚಿದ್ರೆ ಕಚ್ಚುತ್ತೆ ಕಣೇ!"

"ಕಚ್ಲಿ ಬಿಡು!"

ಅಷ್ಟರಲ್ಲಿ ನಾನೂ ಗಂಟಿಗೆ ಕೈ ಹಾಕಿದ್ದೆ. ಜೊಲ್ಲಿಗೆ ನೆನೆದ ಬಟ್ಟೆ ಕಲ್ಲಾಗಿತ್ತು. ನಾನು ಹಾಕಿದ ಗಂಟು, ಸಡಿಲವಾಗುವ ಜಾತಿಯದಲ್ಲ. ಉಗುರು ಕಿತ್ತರೂ ಬರಲಿಲ್ಲ. ಅವಳು ನನ್ನನ್ನು ಭುಜದಿಂದ ತಳ್ಳಿ, ಕತ್ತರಿಯನ್ನು ಪಟ್ಟಿಯ ಅಡಿಗೆ ತೂರಿಸಿ ಕತ್ತರಿಸಿದಳು. ನಾಯಿ ಅವಳ ಮಡಿಲಲ್ಲೇ ಕಾರಿಕೊಂಡಿತು, ಮತ್ತೆ ಮತ್ತೆ. ಅವಳು ಅದರ ತಲೆ ತಗ್ಗಿಸಿ ಹಿಡಿದು, ಬೆರಳಿನಿಂದ ಬಾಯಿಯೊಳಗಿನ ಲೋಳೆ ಬಳಿದು ತೆಗೆದಳು. ಕಚ್ಚಲಿಲ್ಲ. ಅವಳನ್ನು ಅದು ಯಾಕೆ ಕಚ್ಚುತ್ತದೆ?

ಆ ಗಳಿಗೆಯಲ್ಲೂ, ನಾಯಿ ಸಾಯುತ್ತದೋ ಬದುಕುತ್ತದೋ ತಿಳಿಯದ ಆ ಗಳಿಗೆಯಲ್ಲೂ, ನಾನು ಆ ಬೆರಳುಗಳನ್ನು ನೋಡಿ ಕರುಬಿದೆ.

ಆಮೇಲಿನ ಕೆಲಸ ಸರಿಯಾಗಿ ಮಾಡಿದೆ. ಕೋಳಿಗೂಡಿನಿಂದ ನಾಲ್ಕು ಮೊಟ್ಟೆ ತಂದು ಬಿಳಿ ಲೋಳೆ ಮಾತ್ರ ತೆಗೆದು, ಹಸಿ ಹಾಲಿನಲ್ಲಿ ಕದಡಿದೆ. ವಾಂತಿಯ ನಡುವೆ ಬಿಡುವು ಸಿಕ್ಕಾಗ ತುಟಿಯ ಮೂಲೆಯನ್ನು ಹೊರಕ್ಕೆ ಎಳೆದರೆ ಕೆನ್ನೆಯಲ್ಲಿ ಒಂದು ಜೇಬಿನ ಹಾಗೆ ಆಗುತ್ತದೆ. ಅದರೊಳಗೆ ಒಂದೊಂದೇ ಚಮಚ ಬಿಟ್ಟೆ. ತಲೆಯನ್ನು ಮೇಲಕ್ಕೆ ಎತ್ತಬಾರದು, ಎತ್ತಿದರೆ ಶ್ವಾಸದ ದಾರಿಗೆ ಇಳಿಯುತ್ತದೆ. ನುಂಗಿದ್ದು ಕಂಡ ಮೇಲೆ ಇನ್ನೊಂದು ಚಮಚ. ಒದ್ದೆ ಬಟ್ಟೆಯಲ್ಲಿ ಮೂತಿ, ಪಾದ ಎಲ್ಲ ಒರೆಸಿದೆ, ಇಲ್ಲವಾದರೆ ನೆಕ್ಕಿಕೊಂಡು ಮತ್ತೆ ವಿಷ ಒಳಗೆ ಹೋಗುತ್ತದೆ. ಮೂರು ಗಂಟೆ ದಾಟುವ ಹೊತ್ತಿಗೆ ವಾಂತಿ ನಿಂತಿತು. ನಾಯಿ ಅವಳ ಮಡಿಲಲ್ಲಿ ಕಣ್ಣು ಮುಚ್ಚಿ ಉಸಿರಾಡುತ್ತಿತ್ತು. ಹೊಟ್ಟೆಯ ಏರಿಳಿತವನ್ನು ನಾನು ಎಣಿಸುತ್ತಾ ಕೂತೆ.

ನಾಲ್ಕಕ್ಕೆ ಸೈಕಲ್ಲಿನ ಗಂಟೆ ಕೇಳಿಸಿತು.

ನಾಯಿ ತುತ್ತದ ನೀರು ಕುಡಿದಿದೆ ಎಂದಷ್ಟನ್ನು ಅತ್ತೆ ಬಾಗಿಲಲ್ಲೇ ಹೇಳಿದರು. ಅಪ್ಪ ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ಕೈ ತೊಳೆದು, ನಾಯಿಯ ಪಕ್ಕ ಕೂತರು.

"ಎಷ್ಟು ಹೊತ್ತಿಗೆ ಕುಡೀತು?"

"ಒಂದೂವರೆ."

"ಏನು ಕೊಟ್ಟೆ?"

"ನಾಲ್ಕು ಮೊಟ್ಟೆ ಬಿಳಿ, ಹಾಲಲ್ಲಿ. ಚಮಚದಲ್ಲಿ."

"ಸರಿ." ಒಸಡು ಒತ್ತಿ ಬಣ್ಣ ನೋಡಿದರು. ಕಣ್ಣಿನ ರೆಪ್ಪೆ ಬಿಡಿಸಿದರು. ತೊಡೆಯ ಒಳಗೆ ಬೆರಳಿಟ್ಟು ಗಡಿಯಾರ ನೋಡುತ್ತಾ ನಾಡಿ ಎಣಿಸಿದರು. "ಉಳ್ಕೊಳ್ಳುತ್ತೆ. ನಾಳೆ ಬೆಳಿಗ್ಗೆ ಗಾಡೀಲಿ ಕರ್ಕೊಂಡು ಬನ್ನಿ, ಡಾಕ್ಟರು ಒಂದ್ಸಲ ನೋಡ್ಲಿ." ಅತ್ತೆ ಕೈ ಮುಗಿದರು. ಅಪ್ಪನ ಕೈ ಮೂತಿಯ ಮೇಲೆ ನಿಂತಿತು. "ಇದೇನು ಗೆರೆ?"

ಮೂತಿಯ ಸುತ್ತ ಒತ್ತಿದ ಕೂದಲಿನ ಗೆರೆ, ಅದರ ಮೇಲೊಂದು ಚಿಕ್ಕ ಕೆಂಪು ಗೀರು.

ನಾನು ಬಾಯಿ ತೆರೆಯುವ ಮೊದಲೇ ಓರಗಿತ್ತಿ ಹೇಳಿದಳು: "ಕತ್ರಿ ತಗುಲ್ತು ಅಯ್ಯ. ನಂದೇ ತಪ್ಪು."

"ಕತ್ರಿ ಸುತ್ತಲೂ ತಗುಲುತ್ತೇನಮ್ಮ?" ಎಂದರು ಅಪ್ಪ, ನಿಧಾನವಾಗಿ.

ಅವಳು ತಲೆ ತಗ್ಗಿಸಿದಳು. ನನ್ನ ನಾಯಿಯನ್ನು ಕಿತ್ತುಕೊಂಡವಳು ಈಗ ನನ್ನ ತಪ್ಪನ್ನೂ ಕಿತ್ತುಕೊಂಡು ತನ್ನ ಮಡಿಲಲ್ಲಿ ಮುಚ್ಚಿಟ್ಟುಕೊಳ್ಳುತ್ತಿದ್ದಳು. ಅದೇ ನನಗೆ ತಡೆಯಲಾಗಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಪ್ಪ ನನ್ನ ಕಡೆ ತಿರುಗಿ, "ಡಬ್ಬ ತಗೊಂಬಾ. ಮುಚ್ಚಳ ತೆಗೆದು ಓದು" ಎಂದರು. ನನಗೆ ಎಂಟು ವರ್ಷವಾಗಿದ್ದಾಗ ಹೇಗೆ ಹೇಳುತ್ತಿದ್ದರೋ ಹಾಗೆಯೇ.

ಎಲ್ಲರೆದುರು ನಿಂತು ಓದಿದೆ. "ಒಂದು. ಅವಸರ ಪಡಬಾರದು. ಮೊದಲು ಉಸಿರು ನೋಡಬೇಕು. ಎರಡು. ನೋವಿನಲ್ಲಿರುವ ನಾಯಿ ತನ್ನವರನ್ನೂ ಕಚ್ಚುತ್ತದೆ. ಪಟ್ಟಿಯಿಂದ ಬಾಯಿ ಕಟ್ಟಬೇಕು. ಮೂರು. ರಕ್ತ ಸುರಿಯುತ್ತಿದ್ದರೆ ಬಟ್ಟೆ ಒತ್ತಿ ಹಿಡಿಯಬೇಕು, ಪದೇ ಪದೇ ತೆಗೆದು ನೋಡಬಾರದು. ನಾಲ್ಕು."

ಅಲ್ಲಿಗೆ ಧ್ವನಿ ನಿಂತಿತು. ಎರಡು ವರ್ಷದಿಂದ ವಾರಕ್ಕೊಮ್ಮೆ ಆ ಮುಚ್ಚಳ ಒರೆಸಿದವಳು ನಾನು. ಏಳು ಸಾಲೂ ಬಾಯಿಪಾಠ. ಎರಡನೆಯ ಸಾಲು ನನಗೆ ಬೇಕಾಗಿತ್ತು, ಅದಕ್ಕೆ ಅದೊಂದೇ ನೆನಪಿಗೆ ಬಂದಿತ್ತು.

ಅಪ್ಪ ನೆಲ ನೋಡುತ್ತಿದ್ದರು. ಓದು ಬಾರದ ಓರಗಿತ್ತಿ ನನ್ನನ್ನೇ ನೋಡಿ ಮೆಲ್ಲಗೆ ಕೇಳಿದಳು: "ಯಾಕಕ್ಕ, ಅಕ್ಷರ ಅಳ್ಸೋಗೈತಾ?"

"ಇಲ್ಲ" ಎಂದೆ. "ಚೆನ್ನಾಗಿ ಕಾಣ್ತಿದೆ. ನಾಲ್ಕು. ವಾಂತಿ ಮಾಡುವ ನಾಯಿಗೂ ಉಬ್ಬಸ ಪಡುವ ನಾಯಿಗೂ ಬಾಯಿ ಕಟ್ಟಕೂಡದು." ಆಮೇಲೆ ಇಷ್ಟು ಸೇರಿಸಿದೆ: "ನಾನು ಕಟ್ಟಿದೆ ಅಪ್ಪ. ಅವಳು ಕತ್ತರಿಸಿದಳು."

"ಮುಂದಕ್ಕೆ ಓದು" ಎಂದರು ಅಪ್ಪ. ಏಳೂ ಓದಿಸಿದರು. ಆಮೇಲೆ ಕಾಫಿ ಕುಡಿದು, ಎಂದಿನಂತೆ ಐದಕ್ಕೆ ಹೊರಟರು. ಹೊರಡುವಾಗ ಅವಳಿಗೆ, "ಬೆಳಿಗ್ಗೆ ಗಾಡೀಲಿ ನೀನು ಕೂತ್ಕೊಂಡು ಬಾಮ್ಮ, ಅದು ನಿನ್ನ ಹತ್ರ ಸುಮ್ನಿರುತ್ತೆ" ಎಂದರು. ನನಗೆ ಹೇಳಲಿಲ್ಲ.

ಅವರು ಹೋದ ಮೇಲೆ ತುತ್ತದ ಬೋಗುಣಿಯನ್ನು ಒಡೆದು ತೋಟದಾಚೆ ಹೂತುಹಾಕಿದೆ. ನಾಯಿಯ ಬೋಗುಣಿಯನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆದು, ನೀರು ತುಂಬಿಸಿ, ಹಿತ್ತಲ ಬಾಗಿಲಲ್ಲಿ ಹಳೆಯ ಗುರುತಿನ ಮೇಲೆ ಇಟ್ಟೆ. ಓರಗಿತ್ತಿ ಸೀರೆ ಬದಲಿಸಿ ಬಂದು ಹೊಸಿಲ ಮೇಲೆ ಕೂತಿದ್ದಳು.

"ಇದನ್ನ ನಾನು ಇಲ್ಲಿಂದ ತೆಗೀಬಾರ್ದಿತ್ತು" ಎಂದೆ.

"ಗೊತ್ತು ಬಿಡಕ್ಕ" ಎಂದಳು. ನೀರಿನಲ್ಲಿ ತೇಲುತ್ತಿದ್ದ ಒಂದೆಳೆ ನಾರು ತೆಗೆದು ಹಾಕಿ, "ಯಾಕ್ ತೆಗ್ದೆ ಅಂತಾನೂ ಗೊತ್ತು" ಎಂದಳು. ಅವಳು ನಗಲಿಲ್ಲ, ಮುನಿಸಿಕೊಳ್ಳಲೂ ಇಲ್ಲ. ಎದ್ದು ಒಲೆ ಹಚ್ಚಲು ಹೋದಳು.

ಆ ನಾಯಿ ಇನ್ನೂ ಆರು ವರ್ಷ ಬದುಕಿತ್ತು. ನರಿ ಕಚ್ಚಿದ್ದು, ಉಗುರು ಸೀಳಿದ್ದು, ಕಿವಿ ಸೋರಿದ್ದು, ಎಲ್ಲಕ್ಕೂ ಡಬ್ಬ ನನ್ನದು, ತಲೆ ಹಿಡಿಯುವುದು ಅವಳು. ಬಾಯಿಪಟ್ಟಿಯನ್ನು ತೀರ ಅಡಿಯಲ್ಲಿ ಇಟ್ಟೆ, ಬೇಕಾಗಲೇ ಇಲ್ಲ. ಹೊಟ್ಟೆಕಿಚ್ಚು ಹೋಯಿತೇ ಎಂದರೆ, ಇಲ್ಲ. ಗುರುವಾರ ಬೆಳಿಗ್ಗೆ ಹತ್ತಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿ ನಾನು ಅದರ ಕಿವಿ ಒರೆಸುವಾಗ, ಅದು ಅಲುಗದೆ ನಿಂತಿರುತ್ತಿತ್ತು. ಕಿವಿ ನನ್ನ ಕೈಯಲ್ಲಿ, ಕಣ್ಣು ಅವಳ ಮುಖದ ಮೇಲೆ. ನಾನು ಒಂದು ಕಿವಿ ಮುಗಿಸಿ ಇನ್ನೊಂದಕ್ಕೆ ಹೊಸ ಹತ್ತಿ ತೆಗೆದುಕೊಳ್ಳುತ್ತಿದ್ದೆ.